ಗೀಟು ಬೀಳದ ಪುಟ

ಪ್ರಾರ್ಥನಾ ಮಂದಿರದ ಹಿಂಬದಿಯ ಕೋಣೆಯಲ್ಲಿ ಎರಡು ಕಪಾಟಿನ ಪುಟ್ಟ ಗ್ರಂಥಾಲಯವಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರನ್ನು ಮಾರ್ಮನ್ ಎಂಬ ಕ್ರೈಸ್ತ ಸಭೆಯ ಹುಡುಗಿಯರೆಲ್ಲ ಚೀಟಿ ಅಜ್ಜಿ ಎಂದೇ ಕರೆಯುತ್ತಿದ್ದರು. ಹೊಸ ಕಾದಂಬರಿ ಬಂದರೆ ಅಜ್ಜಿ ಪೆನ್ಸಿಲ್ ಹಿಡಿದು ಕೂರುವರು. ಮುತ್ತು ಎಷ್ಟು, ಮದ್ಯ ಎಷ್ಟು ಲೋಟ, ಹುಡುಗನ ಕೈ ಎಲ್ಲಿಯವರೆಗೆ ಹೋಯಿತು, ಎಲ್ಲದಕ್ಕೂ ಅಂಚಿನಲ್ಲಿ ಒಂದೊಂದು ಗೀಟು. ಗೀಟು ಮೂರು ದಾಟದಿದ್ದರೆ ಒಳರಟ್ಟಿಗೆ ಹಸಿರು ಚೀಟಿ: ‘ನಿಶ್ಚಿಂತೆಯಿಂದ ಓದಿ.’

ಹಾಗೆ ಬಂದ ಒಂದು ಕಾದಂಬರಿಗೆ, ರಕ್ತ ಹೀರುವ ವ್ಯಾಂಪೈರ್ ಹುಡುಗನ ಪ್ರೇಮಕಥೆಗೆ, ಬಿದ್ದದ್ದು ಒಂದೇ ಗೀಟು, ಅದೂ ಮದುವೆಯ ದಿನದ್ದು. ಇನ್ನೂರು ವರ್ಷದಿಂದ ಹದಿನೆಂಟರಲ್ಲೇ ನಿಂತ, ಗಡಿಯಾರ ರಿಪೇರಿ ಮಾಡುವ ಚೆಲುವ. ಮನುಷ್ಯರ ರಕ್ತ ಮುಟ್ಟೆನೆಂದು ಶಪಥ ಮಾಡಿದವನು. ಅವನ ಮದುವೆಯ ಗಂಟು ಸಾವಿನಾಚೆಗೂ ಬಿಚ್ಚದು. ಸಭೆ ಕಲಿಸುವ ಸಂಯಮ, ಕೊನೆಯಿಲ್ಲದ ದಾಂಪತ್ಯ, ಎರಡೂ ಇಲ್ಲಿವೆಯಲ್ಲ ಎಂದು ಅಜ್ಜಿ ಹಿಗ್ಗಿದ್ದರು. ಮೊದಲು ಓದಲು ಕೊಟ್ಟದ್ದೇ ಮೊಮ್ಮಗಳಿಗೆ.

ಗುರುವಾರ ಬೈಂಡರ್ ಆ ಪುಸ್ತಕವನ್ನು ರಿಪೇರಿ ಮಾಡಿ ತಂದ. ಕೋಣೆಯಲ್ಲಿದ್ದ ಇಬ್ಬರು ಹುಡುಗಿಯರು ಹೊರಗೆ ಹೋಗುವವರೆಗೆ ಸುಮ್ಮನೆ ಕಪಾಟು ನೋಡುತ್ತ ನಿಂತ.

“ಅಜ್ಜಿ, ನಿಮ್ಮ ಸಭೇಲಿ ಕಾಫಿ ಕುಡಿಯೋ ಹಾಗಿಲ್ಲ. ರಕ್ತ ಆದ್ರೆ ಪರವಾಗಿಲ್ವಾ?”

“ಅವನು ಬಿಟ್ಟಿದ್ದಾನಪ್ಪ!” ಅಜ್ಜಿ ನಕ್ಕರು.

ಬೈಂಡರ್ ಪುಸ್ತಕವನ್ನು ಮೇಜಿನ ಮೇಲಿಟ್ಟ. ಅದು ತಾನಾಗಿಯೇ ತೆರೆದುಕೊಂಡಿತು. “ಮೂರು ಸಲ ಹೊಲಿದೆ, ಮೂರು ಸಲಾನೂ ಇದೇ ಪುಟದಲ್ಲಿ ಬಿಚ್ಕೊಳ್ತು. ಎಲ್ರೂ ಇಲ್ಲೇ ಒತ್ತಿ ಹಿಡಿದು ಓದಿದ್ದಾರೆ. ನನಗೂ ಮಗಳಿದ್ದಾಳೆ, ಅದಕ್ಕೆ ಹೇಳ್ದೆ. ತಪ್ಪು ತಿಳೀಬೇಡಿ.”

ಅವನು ಹೋದ ಮೇಲೆ ಅಜ್ಜಿ ಕನ್ನಡಕ ಹಾಕಿಕೊಂಡರು. ಆ ಪುಟದಲ್ಲಿ, ಗೆಳತಿಯ ಮನೆಗೆ ಹೊರಟ ಹುಡುಗಿಯ ಚಪ್ಪಲಿಯನ್ನು ನಾಯಕ ಬಚ್ಚಿಟ್ಟು, ಹೊರಗಿನಿಂದ ಬೀಗ ಹಾಕಿ ಹೋಗುತ್ತಾನೆ. ‘ನಿನಗೇನು ಒಳ್ಳೆಯದೆಂದು ನಿನಗಿಂತ ನನಗೆ ಗೊತ್ತು’ ಎನ್ನುತ್ತಾನೆ. ಅವಳು ಕಣ್ಣು ತುಂಬಿಕೊಂಡು ಥ್ಯಾಂಕ್ಸ್ ಹೇಳುತ್ತಾಳೆ. ಅಂಚಿನಲ್ಲಿ ಅಜ್ಜಿಯ ಗೀಟಿಲ್ಲ. ನೇರಳೆ ಶಾಯಿಯಲ್ಲಿ ಮೊಮ್ಮಗಳ ದುಂಡು ಅಕ್ಷರವಿತ್ತು: ‘ನನ್ನವನೂ ಥೇಟ್ ಹೀಗೇ!’

ಮೊಮ್ಮಗಳ ನರ್ಸಿಂಗ್ ಶಾಲೆಯ ಪ್ರವೇಶ ಅರ್ಜಿ ಎರಡು ವಾರದಿಂದ ಸಹಿಯಿಲ್ಲದೆ ಮನೆಯಲ್ಲಿ ಬಿದ್ದಿತ್ತು. ನಾಳೆಯೇ ಕೊನೆಯ ದಿನ. ಬೇರೆ ಊರಿಗೆ ಹೋಗಲಾರೆ ಎಂದು ಮೊಮ್ಮಗಳು ಹಟ ಹಿಡಿದಾಗ, “ಪಾಪ, ಮನೆ ಬಿಟ್ಟಿರದ ಮಗು” ಎಂದು ಇವರೇ ಅಕ್ಕಪಕ್ಕದವರ ಮುಂದೆ ಕೊಂಡಾಡಿದ್ದರು.

ಮನೆಗೆ ಹೋದಾಗ ಮೊಮ್ಮಗಳು ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಫೋನ್ ಗುಂಯ್‌ಗುಟ್ಟಿತು. ಅವಳು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಫೋನಿನಲ್ಲೇ ಎದುರಿನ ಗೋಡೆಯ ಫೋಟೋ ಕ್ಲಿಕ್ಕಿಸಿ ಕಳಿಸಿದಳು.

“ಅದೇನೇ?”

“ಎಲ್ಲಿದ್ದೀನಿ ಅಂತ ತೋರಿಸ್ಬೇಕು. ಕಾಳಜಿ ಅಜ್ಜಿ ಅವನಿಗೆ.”

“ನರ್ಸಿಂಗ್ ಬೇಡ ಅಂದಿದ್ದೂ ಆ ಕಾಳಜೀನೇನಾ?”

ಮೊಮ್ಮಗಳು ಅಂಗಿಯ ಕಾಲರನ್ನು ಎರಡೆರಡು ಸಲ ನೀವಿದಳು. “ಅವನು ಕೆಟ್ಟವನಲ್ಲ. ಕೈ ಕೂಡ ಹಿಡಿಯಲ್ಲ ಗೊತ್ತಾ?”

“ಕಥೇಲಿರೋನೂ ಕೆಟ್ಟವನಲ್ಲ ಕಣೇ. ಕೆಟ್ಟವನಾಗಿದ್ದಿದ್ರೆ ನಾನೇ ಹಿಡೀತಿದ್ದೆ.” ಅಜ್ಜಿ ಚೀಲದಿಂದ ಆ ಪುಸ್ತಕ ಹೊರತೆಗೆದರು. “ಮುತ್ತು ಎಷ್ಟು ಅಂತ ಎಣಿಸಿದೆ. ಅಪ್ಪಣೆ ಎಷ್ಟು ಅಂತ ಎಣಿಸಲೇ ಇಲ್ಲ. ಅವನು ಬೀಗ ಹಾಕೋ ಪುಟಾನೂ ಓದಿದ್ದೆ. ಎಷ್ಟು ಜವಾಬ್ದಾರಿ ಹುಡುಗ ಅಂದ್ಕೊಂಡೆ. ಬಿ.ಎ. ಓದಿದ ತಲೆ ಇದು! ನಿಂಗೆ ಹೋಗು ಅನ್ನೋಕೂ ನಂಗೆ ಮುಖ ಇಲ್ಲ. ಅದೂ ಒಂದು ಅಪ್ಪಣೆನೇ ಆಗುತ್ತೆ. ತಪ್ಪು ನಂದು ಅಂತ ಹೇಳೋಕೆ ಬಂದೆ, ಅಷ್ಟೇ.”

ಅವರು ಪುಸ್ತಕ ತೆರೆದು ಹಸಿರು ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದರು. ಅರ್ಧ ಎದ್ದಿತು, ಅರ್ಧ ಬಿಗಿಯಾಗಿ ಕಚ್ಚಿಕೊಂಡಿತು.

“ಹರೀಬೇಡ ಅಜ್ಜಿ, ಉಗುರು ಕಿತ್ಕೋತೀಯ.” ಮೊಮ್ಮಗಳು ಒದ್ದೆ ಬಟ್ಟೆಯೊಂದನ್ನು ಬೆಚ್ಚಗೆ ಮಾಡಿ ತಂದು ಚೀಟಿಯ ಮೇಲಿಟ್ಟು ಒತ್ತಿ ಹಿಡಿದಳು. “ನೆನೀಲಿ ಬಿಡು.”

ಫೋನ್ ಮತ್ತೆ ಗುಂಯ್‌ಗುಟ್ಟಿತು. ಅವಳು ಅದನ್ನೇ ನೋಡುತ್ತ ನಿಂತಳು. ನಿಂತುಹೋಗಿ ಮತ್ತೆ ಗುಂಯ್‌ಗುಟ್ಟಿತು. ಅವಳು ಫೋನನ್ನು ಮಗುಚಿಟ್ಟು, ಕಪಾಟಿನಿಂದ ಪ್ರವೇಶ ಅರ್ಜಿ ತೆಗೆದಳು.

“ಪೆನ್ ಕೊಡು.”

ಅಜ್ಜಿ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಚಾಚಿದರು.

“ನಿನ್ನ ಪೆನ್ಸಿಲ್ ನಡೆಯಲ್ಲ ಅಜ್ಜಿ,” ಎಂದು ಅವಳು ಕಣ್ಣೊರೆಸಿಕೊಂಡು ತನ್ನ ನೇರಳೆ ಪೆನ್ನನ್ನೇ ಹುಡುಕಿದಳು.

ಅವಳು ಸಹಿ ಹಾಕುವಾಗಲೂ ಅಜ್ಜಿ ತಲೆಯೆತ್ತಲಿಲ್ಲ. ಪುಸ್ತಕದಲ್ಲಿದ್ದ ಎರವಲು ಕಾರ್ಡಿನಲ್ಲಿ ಮೊಮ್ಮಗಳ ಹೆಸರಿನ ಕೆಳಗೆ ಇನ್ನೂ ಹನ್ನೊಂದು ಹುಡುಗಿಯರ ಹೆಸರುಗಳಿದ್ದವು. ಯಾರ ಮನೆಗೆ ಮೊದಲು ಹೋಗಲಿ ಎಂದು ಅವರು ಒಂದೊಂದಾಗಿ ಓದುತ್ತ ಕುಳಿತರು.