ಟೀರಾಳಿಗೆ ಮದ್ದು ಹಾಕಿದ್ದು

ನಮ್ಮ ಕಣಿವೆಯ ಹನ್ನೊಂದು ಮನೆಗಳಲ್ಲಿ ಇಪ್ಪತ್ತಮೂರು ನಾಯಿಗಳಿವೆ. ಇಪ್ಪತ್ತಮೂರಕ್ಕೂ ನನ್ನ ಕಂಡರೆ ಆಗುವುದಿಲ್ಲ. ನಾನು ಇನ್ನೂ ಹೊಳೆಯ ಆಚೆ ದಡದಲ್ಲಿರುವಾಗಲೇ ಗಾಳಿಯಲ್ಲಿ ನನ್ನ ವಾಸನೆ ಹಿಡಿದು, ಬಾಲ ಮುದುರಿಕೊಂಡು, ಹುಲ್ಲುಮೆದೆಯ ಸಂದಿಗೋ ಮಂಚದ ಕೆಳಗೋ ಸೇರಿಬಿಡುತ್ತವೆ. ಕೊಬ್ಬಿದ ಟಗರನ್ನು ಅಡ್ಡಗಟ್ಟುವ ಗಂಡುನಾಯಿಯೊಂದು ನನ್ನೆದುರು ನಿಂತಲ್ಲೇ ಉಚ್ಚೆ ಹೊಯ್ದುಕೊಂಡದ್ದನ್ನು ಕಂಡಿದ್ದೇನೆ. ಅವುಗಳ ತಪ್ಪೇನೂ ಇಲ್ಲ. ವರ್ಷಕ್ಕೊಮ್ಮೆ, ಕುರಿ ಕಡಿಯುವ ಕಾಲ ಮುಗಿದ ಮೇಲೆ, ಅವುಗಳನ್ನು ಒಂದು ದಿನ ಉಪವಾಸ ಕೆಡವಿ, ಹೊಳೆಬದಿಯ ಕಲ್ಲುಕೊಟ್ಟಿಗೆಯಲ್ಲಿ ಕೂಡಿ, ದವಡೆ ಬಿಡಿಸಿ ಗಂಟಲಿಗೆ ಕಹಿಮದ್ದು ಸುರಿಯುವವನು ನಾನು. ಅರ್ಧ ಗಂಟೆಯಲ್ಲಿ ಹೊಟ್ಟೆಯೊಳಗಿನದೆಲ್ಲ ಹುಳುಗಳ ಸಮೇತ ಹೊರಗೆ ಬರುತ್ತದೆ. ಇದು ನಮ್ಮ ದೇಶದ ಕಾನೂನು. ಊರಿನವರು ಸೇರಿ ನನ್ನನ್ನು ಈ ಕೆಲಸಕ್ಕೆ ನೇಮಿಸಿ ಹದಿನೆಂಟು ವರ್ಷವಾಯಿತು. ಎದುರಿಗೆ ಸ್ಟೀನಿ ಅನ್ನುತ್ತಾರೆ, ಬೆನ್ನ ಹಿಂದೆ ನಾಯಿತೊಳೆಯುವವ ಅನ್ನುತ್ತಾರೆ. ಎರಡಕ್ಕೂ ನಾನು ತಿರುಗಿ ನೋಡುತ್ತೇನೆ.

ಬೇರೆ ಕೆಲಸ ಸಿಗದೆ ಇದಕ್ಕೆ ಬಿದ್ದೆ ಎಂದು ಜನ ತಿಳಿದಿದ್ದಾರೆ. ತಿಳಿದುಕೊಳ್ಳಲಿ. ನನ್ನ ಅಕ್ಕ ಊನಾ ಹತ್ತೊಂಬತ್ತಕ್ಕೆ ಸತ್ತಳು. ಅವಳ ಹೊಟ್ಟೆಯೊಳಗೆ ಕೂಸಿನ ತಲೆಯಷ್ಟು ದೊಡ್ಡ ನೀರುಗುಳ್ಳೆ ಬೆಳೆದಿತ್ತು. ಬಸುರಾಗಿದ್ದಾಳೆಂದು ಆಡಿಕೊಂಡವರೂ ಇದ್ದರು, ಅವರ ಬಾಯಿಗೆ ಬೆಂಕಿ ಬೀಳಲಿ. ಕುರಿಯ ಈಲಿಯಲ್ಲಿ, ಅಂದರೆ ಪಿತ್ತಜನಕಾಂಗದಲ್ಲಿ, ಇರುವ ಗುಳ್ಳೆಯನ್ನು ನಾಯಿ ತಿಂದರೆ ಅದರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಆ ಹುಳುವಿನ ಮೊಟ್ಟೆ ನಾಯಿಯ ಕೂದಲಿಗೆ, ಮೂತಿಗೆ ಅಂಟಿ ಮನುಷ್ಯರ ಬಾಯಿ ಸೇರಿದರೆ ಮತ್ತೆ ಗುಳ್ಳೆಯಾಗುತ್ತದೆ. ನಮ್ಮ ಮನೆಯ ನಾಯಿ ದಿನಾ ಊನಾಳ ಮುಖ ನೆಕ್ಕುತ್ತಿತ್ತು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ನಾನು ನಾಯಿ ಸಾಕಿದವನಲ್ಲ.

ಹೋದ ವರ್ಷದ ಬೇಸಿಗೆಯ ಹೊತ್ತಿಗೆ ಹೋಲ್ ಮನೆಯ ಹೆರ್ದೀಸ್ ಮಡಿಲಲ್ಲಿ ಏನನ್ನೋ ಸುತ್ತಿಕೊಂಡು ನಮ್ಮ ಮನೆಗೆ ಬಂದಳು. ಹೆರ್ದೀಸ್ ನನಗಿಂತ ಎರಡು ವರ್ಷ ದೊಡ್ಡವಳು. ಎಂಬತ್ತು ಕುರಿಗಳನ್ನೂ ನಾಲ್ಕು ವರ್ಷದ ಮೊಮ್ಮಗಳು ಲೋವಾಳನ್ನೂ ಒಬ್ಬಳೇ ನೋಡಿಕೊಳ್ಳುತ್ತಾಳೆ, ನಾಲಿಗೆಯೂ ಅದಕ್ಕೆ ತಕ್ಕಂತೆ ಚುರುಕು. ಅವಳ ನಾಯಿ ಐದು ಮರಿ ಹಾಕಿತ್ತು. ನಾಲ್ಕಕ್ಕೆ ಗಿರಾಕಿ ಸಿಕ್ಕಿದ್ದರು. ಐದನೆಯದಕ್ಕೆ ಒಂದು ಕಿವಿ ಸೊಟ್ಟ, ಮೈ ಅಂಗೈ ಅಗಲ.

"ತಗೋ ಸ್ಟೀನಿ. ನೀನ್ಯಾರು ಅಂತ ಇದಕ್ಕಿನ್ನೂ ಗೊತ್ತಿಲ್ಲ."

"ನನಗ್ಯಾಕೆ ನಾಯಿ?"

"ನಿನ್ನ ಮನೇಲಿ ಗಡಿಯಾರ ಬಿಟ್ರೆ ಮಾತಾಡೋರು ಯಾರಿದಾರೆ? ಅದೂ ನಿಂತ್ಹೋಗಿದೆಯಂತಲ್ಲ."

ಬೇಡವೆನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಮರಿ ಅವಳ ಮಡಿಲಿಂದ ಜಾರಿ, ನನ್ನ ಬೂಟಿನ ಮೇಲೆ ಗದ್ದವಿಟ್ಟು ಮಲಗಿಯೇಬಿಟ್ಟಿತು. ಅರವತ್ತು ವರ್ಷದ ಗಂಡಸು ನಾನು, ಕಾಲು ಅಲುಗಿಸದೆ ಒಂದು ತಾಸು ಹಾಗೇ ಕೂತಿದ್ದೆ.

ಟೀರಾ ಎಂದು ಹೆಸರಿಟ್ಟೆ, ನಮ್ಮಲ್ಲಿ ಮಿಣುಕು ದೀಪಕ್ಕೆ ಹಾಗನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವ ಮಾತಿನ ಅರ್ಥ ನನಗೆ ಆಗ ತಿಳಿಯಿತು. ಬೆಳಿಗ್ಗೆ ನನ್ನ ಗಂಜಿಯಲ್ಲಿ ಅವಳಿಗೆ ಪಾಲು, ಒಣಮೀನಿನಲ್ಲಿ ಪಾಲು, ಹೊದಿಕೆಯಲ್ಲೂ ಪಾಲು. ಗಾಳಿಗೆ ಬಾಗಿಲು ಬಡಿದರೆ ಅವಳು ನನ್ನ ಮುಖ ನೋಡುತ್ತಿದ್ದಳು, ನಾನು "ಏನೂ ಇಲ್ಲ ಮಲಕ್ಕೋ" ಅನ್ನುತ್ತಿದ್ದೆ. ಆ ಮನೆಯಲ್ಲಿ ಇಷ್ಟು ವರ್ಷ ಬಾಗಿಲು ಬಡಿಯುತ್ತಲೇ ಇತ್ತು, ಹಾಗೆ ಹೇಳಲು ಯಾರೂ ಇರಲಿಲ್ಲ.

ಸೆಪ್ಟೆಂಬರ್ ಕೊನೆಗೆ ಹೋಲ್ ಮನೆಯಲ್ಲಿ ಕುರಿ ಕಡಿಯುವ ದಿನ ಬಂತು. ಆ ದಿನ ಎಲ್ಲ ನಾಯಿಗಳನ್ನೂ ಕಟ್ಟಿಹಾಕಬೇಕು, ಗುಳ್ಳೆಯಿರುವ ಈಲಿ ಕಂಡರೆ ತಕ್ಷಣ ಗುಂಡಿಗೆ ಹಾಕಿ ಮಣ್ಣು ಮುಚ್ಚಬೇಕು. ಈ ಮಾತನ್ನು ಕಣಿವೆಯಲ್ಲಿ ಎಲ್ಲರಿಗೂ ಗದರಿ ಗದರಿ ಕಲಿಸಿದವನು ನಾನೇ. ಅಂದು ಕೂಡ ಒಂದೊಂದು ಹಗ್ಗವನ್ನೂ ಎಳೆದು ನೋಡಿದೆ. ಟೀರಾಳನ್ನು ಮಾತ್ರ ಬಿಟ್ಟಿದ್ದೆ.

"ನಿನ್ನದನ್ನ ಕಟ್ಟಲ್ವಾ?" ಎಂದು ಹೆರ್ದೀಸ್ ಕೇಳಿದಳು.

"ಅವಳು ನನ್ನ ಕಾಲು ಬಿಟ್ಟು ಹೋಗಲ್ಲ."

ನಿಜ ಹೇಳುತ್ತೇನೆ. ನನ್ನ ಹಿಂದೆಯೂ ಒಂದು ನಾಯಿ ಬರುತ್ತದೆ ಎಂದು ನಾಲ್ಕು ಜನ ನೋಡಲಿ ಎಂಬ ಆಸೆಯಿತ್ತು. ಜನ ನೋಡಿದರು. ನಾನು ಆ ಸಂತೋಷದಲ್ಲಿ ಕಾಫಿ ಕುಡಿಯುತ್ತ ಕೂತೆ. ಲೋಟ ಖಾಲಿಯಾಗುವ ಹೊತ್ತಿಗೆ ಟೀರಾ ಕಲ್ಲುಗೋಡೆಯ ಹಿಂದಿನಿಂದ ತುಟಿ ನೆಕ್ಕುತ್ತ ಬಂದಳು, ಮೂತಿಯೆಲ್ಲ ರಕ್ತ. ಗುಂಡಿಗೆ ಇನ್ನೂ ಮಣ್ಣು ಮುಚ್ಚಿರಲಿಲ್ಲ. ಯಾರಾದರೂ ಕಂಡರೇ ಎಂದು ಸುತ್ತ ನೋಡಿ, ತೋಳಿನಿಂದ ಅವಳ ಮೂತಿ ಒರೆಸಿದೆ. ಯಾರೂ ಕಂಡಿರಲಿಲ್ಲ.

ನವೆಂಬರ್ ನಡುವಿಗೆ ಅವಳು ಇಬ್ಬರಷ್ಟು ತಿನ್ನತೊಡಗಿದಳು. ತಿಂದದ್ದು ಎಲ್ಲಿಗೆ ಹೋಗುತ್ತಿತ್ತೋ, ಬೆನ್ನಮೂಳೆ ಕೈಗೆ ಸಿಗುತ್ತಿತ್ತು, ಹೊಟ್ಟೆ ಮಾತ್ರ ತಮಟೆ. ಕೂದಲಿನ ಹೊಳಪು ಹೋಗಿ ಒಣಹುಲ್ಲಿನಂತಾಯಿತು. ಕುಂಡೆಯನ್ನು ನೆಲಕ್ಕೆ ಉಜ್ಜಿಕೊಂಡು ಜಾರುತ್ತಿದ್ದಳು. ಬೇರೆಯವರ ನಾಯಿಯಾಗಿದ್ದರೆ ಹೊಸಿಲಿನಲ್ಲಿ ನಿಂತೇ ಹೇಳಿಬಿಡುತ್ತಿದ್ದೆ. ಇವಳಿಗೆ ಮಾತ್ರ ಚಳಿ ಹಿಡಿದಿರಬೇಕು, ಹಲ್ಲು ಬರುತ್ತಿರಬೇಕು ಎಂದೆಲ್ಲ ನೆಪ ಹುಡುಕಿದೆ. ಒಂದು ಬೆಳಿಗ್ಗೆ ಅವಳು ಮಲಗಿದ್ದ ಕಂಬಳಿಯಲ್ಲಿ ಬೆಂದ ಅಕ್ಕಿಕಾಳಿನಂಥ ಬಿಳಿ ತುಣುಕುಗಳು ಕಂಡವು. ಒಂದು ಇನ್ನೂ ಹೊರಳುತ್ತಿತ್ತು. ಬಾಲ ಎತ್ತಿ ನೋಡಿದೆ, ಅಲ್ಲೂ ಎರಡು. ಲಾಡಿಹುಳು ಉದುರಿಸುವ ತುಂಡುಗಳು ಅವು. ಕಣ್ಣಿಗೆ ಕಾಣುವ ಈ ಜಾತಿಯೇ ಇದ್ದರೆ, ಕಣ್ಣಿಗೆ ಕಾಣದ ಆ ಇನ್ನೊಂದು, ಊನಾಳನ್ನು ಕೊಂದದ್ದು, ಇಲ್ಲವೆಂದು ಹೇಗೆ ಹೇಳಲಿ? ಎರಡೂ ಅದೇ ಗುಂಡಿಯಿಂದ ಬರುವಂಥವು.

ಕಂಬಳಿ ಸುಟ್ಟೆ. ಕೈ ಮೂರು ಸಲ ತೊಳೆದೆ. ಆದರೂ ಮದ್ದಿನ ಸೀಸೆ ಮುಟ್ಟಲಿಲ್ಲ. ಆ ಮದ್ದು ಹಾಕಿದ ಕೈಯನ್ನು ಕ್ಷಮಿಸಿದ ನಾಯಿಯನ್ನು ಹದಿನೆಂಟು ವರ್ಷದಲ್ಲಿ ಒಂದನ್ನೂ ನಾನು ಕಂಡಿಲ್ಲ.

ಅಂದೇ ಮಧ್ಯಾಹ್ನ, ಊರನಾಯಿಗಳ ಮದ್ದಿನ ದಿನ ಗೊತ್ತುಮಾಡಲು ಹೋಲ್ ಮನೆಗೆ ಹೋಗಬೇಕಿತ್ತು. ಟೀರಾಳನ್ನು ಒಳಗೆ ಕೂಡಿ ಹೋದೆ. ಅವಳು ಕಿಟಕಿ ಹಾರಿ ನನ್ನ ಹಿಂದೆಯೇ ಬಂದುಬಿಟ್ಟಿದ್ದಳು. ಅಂಗಳದಲ್ಲಿ ಲೋವಾ ಆಡುತ್ತಿದ್ದಳು. ಮಗು ಎರಡೂ ಕೈ ಚಾಚಿ ಮಂಡಿಯೂರಿ ಮುಖವನ್ನೇ ಮುಂದೊಡ್ಡಿತು, ಟೀರಾ ನಾಲಿಗೆ ಚಾಚಿ ಅತ್ತ ಓಡಿದಳು. ನಾನು ನಡುವೆ ಬಿದ್ದು ಅವಳ ಕುತ್ತಿಗೆಯ ಚರ್ಮ ಹಿಡಿದು ಎತ್ತಿಬಿಟ್ಟೆ. ಮಗು ಹೆದರಿ ಅತ್ತಿತು.

ಹೆರ್ದೀಸ್ ಹೊರಗೆ ಬಂದಳು. ಎಲ್ಲ ಹೇಳಿದೆ, ತೋಳಿನಿಂದ ರಕ್ತ ಒರೆಸಿದ್ದನ್ನೂ ಬಿಡದೆ.

"ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ ಸ್ಟೀನಿ."

"ಬೈಯಿ. ಆದ್ರೆ ಒಂದು ಉಪಕಾರ ಮಾಡು. ಮದ್ದನ್ನ ನೀನು ಹಾಕು."

"ನಾನ್ಯಾಕೆ?"

"ಅವಳು ನನ್ನನ್ನ..."

"ಹದಿನೆಂಟು ವರ್ಷ ನನ್ನ ನಾಯಿಗಳ ಬಾಯಿಗೆ ಸುರಿದ್ಯಲ್ಲ, ಅವು ನಿನ್ನ ಬಗ್ಗೆ ಏನು ಅನ್ಕೊಳ್ತಾವೆ ಅಂತ ಒಂದಿನ ಕೇಳಿದ್ಯಾ?" ಅಂದಳು. ಆಮೇಲೆ ನನ್ನ ಮುಖ ನೋಡಿ ದನಿ ಇಳಿಸಿದಳು. "ಆಯ್ತು ಬಿಡು. ನಾಳೆ ಬರ್ತೀನಿ. ಇವತ್ತು ಅದಕ್ಕೆ ತಿನ್ನೋಕೆ ಕೊಡಬೇಡ."

ನನಗೇ ಹೇಳಿಕೊಟ್ಟಳು!

ಮರುದಿನ ಉಣ್ಣೆ ತೂಗುವ ತಕ್ಕಡಿಗೆ ಚೀಲ ಕಟ್ಟಿ, ಅದರಲ್ಲಿ ಟೀರಾಳನ್ನು ಕೂರಿಸಿ ತೂಗಿದೆ. ಒಂಬತ್ತು ಕಿಲೋ. ಆರು ತಿಂಗಳ ಮರಿಗೆ ಮದ್ದು ಹೆಚ್ಚಾದರೆ ಎದೆಯೇ ನಿಂತುಹೋಗುತ್ತದೆ, ಕಡಿಮೆಯಾದರೆ ಹುಳುವಿನ ತಲೆ ಕರುಳಿನಲ್ಲೇ ಕಚ್ಚಿಕೊಂಡು ಮತ್ತೆ ಬೆಳೆಯುತ್ತದೆ. ಎರಡು ಸಲ ಅಳೆದು ಹೆರ್ದೀಸ್ ಕೈಗೆ ಕೊಟ್ಟು, ನಾನು ಕೊಟ್ಟಿಗೆಯ ಹೊರಗೆ ಗೋಡೆಗೆ ಒರಗಿ ನಿಂತೆ.

ಒಳಗೆ ಜಗ್ಗಾಟ, ಗುರುಗುಟ್ಟುವುದು, ಹೆರ್ದೀಸಳ ಬೈಗುಳ. ಸ್ವಲ್ಪ ಹೊತ್ತಿಗೆ ಅವಳು ಹೊರಬಂದಳು, ಕಹಿಮದ್ದೆಲ್ಲ ಅವಳ ಎದೆಯ ಮೇಲಿತ್ತು.

"ಒಂದು ತೊಟ್ಟೂ ಒಳಗೆ ಹೋಗ್ಲಿಲ್ಲ. ಹಲ್ಲು ಕಚ್ಕೊಂಡು ಬಾಗಿಲನ್ನೇ ನೋಡ್ತಿದೆ. ನಿನ್ನನ್ನ ಹುಡುಕ್ತಿದೆ ಸ್ಟೀನಿ. ನನ್ನ ಕೈಲಿ ಆಗಲ್ಲ."

ಮತ್ತೊಮ್ಮೆ ಅಳೆದುಕೊಂಡು ಒಳಗೆ ಹೋದೆ. ನನ್ನ ಕಂಡದ್ದೇ ಟೀರಾ ಮೈಯೆಲ್ಲ ಬಾಲವಾಗಿ ಓಡಿಬಂದು ಬೂಟಿನ ಮೇಲೆ ಕೂತಳು. ಇನ್ನು ಯಾರೂ ತನಗೇನೂ ಮಾಡಲಾರರು ಎಂಬ ನಂಬಿಕೆ. ತುಟಿಯಂಚು ಎತ್ತಲು ಬಲವೇ ಬೇಕಾಗಲಿಲ್ಲ, ನನ್ನ ಬೆರಳಿಗೆ ಅವಳಾಗಿ ಬಾಯಿ ತೆರೆದಳು. ಸುರಿದೆ. ಮೂತಿ ಮುಚ್ಚಿ ಹಿಡಿದು, ಅವಳು ಮೂಗು ನೆಕ್ಕಿಕೊಳ್ಳುವವರೆಗೆ ಗಂಟಲು ಸವರಿದೆ; ಮೂಗು ನೆಕ್ಕಿದರೆ ನುಂಗಿದಂತೆ. ಕೈ ಬಿಟ್ಟಾಗ ಅವಳು ಎರಡು ಹೆಜ್ಜೆ ಹಿಂದೆ ಸರಿದು ನನ್ನನ್ನು ನೋಡಿದ ನೋಟವಿದೆಯಲ್ಲ, ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೇರೆ ನಾಯಿಗಳಿಗೆ ಮದ್ದು ಹಾಕಿ ನಾನು ಹೊರಗೆ ಕೂತು ಹೊಗೆಸೊಪ್ಪು ಜಗಿಯುವವನು. ಅವಳ ಹತ್ತಿರ ಮಾತ್ರ ಕೂತೆ. ಹೊಟ್ಟೆ ಹಿಂಡತೊಡಗಿದಾಗ ಅವಳು ನನ್ನಿಂದ ದೂರದ ಮೂಲೆ ಹುಡುಕಿದಳು, ಕೊಟ್ಟಿಗೆ ಅಷ್ಟು ದೊಡ್ಡದಿರಲಿಲ್ಲ. ಜೊಲ್ಲು ಸುರಿಯಿತು, ಕಾಲು ನಡುಗಿತು, ಎರಡು ಸಲ ಬಿದ್ದಳು. ಬಿದ್ದಾಗ ಹಿಡಿದುಕೊಂಡೆ. ಕೊನೆಗೆ ನೀಳ ಬಿಳಿ ಲಾಡಿಗಳು ಗಂಟುಗಂಟಾಗಿ ಬಂದವು. ಒಂದೊಂದನ್ನೂ ಗುಂಡಿಗೆ ಹಾಕಿ, ಸೀಮೆಎಣ್ಣೆ ಸುರಿದು ಸುಟ್ಟೆ. ಬಿಸಿನೀರು, ಸೋಪು ಹಾಕಿ ಅವಳನ್ನು ಮೂತಿಯಿಂದ ಬಾಲದವರೆಗೆ ತೊಳೆದೆ. ಅಲುಗದೆ ನಿಂತಿದ್ದಳು. ಊನಾಳ ಹೆಸರು ಹೇಳಿಕೊಂಡು ಅತ್ತೆ. ಹೆರ್ದೀಸ್ ಆಗಲೇ ಮನೆಗೆ ಹೋಗಿದ್ದಳು, ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ಮನೆಗೆ ಬಂದ ಮೇಲೆ ಟೀರಾ ಬಾಗಿಲ ಬಳಿಯೇ ಮಲಗಿದಳು. ಗಂಜಿ ಕೊಟ್ಟೆ, ಮುಖ ತಿರುಗಿಸಿದಳು. ಬೆಣ್ಣೆ ಸವರಿದ ಮೀನು ಕೊಟ್ಟೆ, ನನ್ನ ಕೈ ಮೂಸಿ ಹಿಂದೆ ಸರಿದಳು. ಕೈ ಎಷ್ಟು ಉಜ್ಜಿದರೂ ಆ ವಾಸನೆ ಹೋಗುವುದಿಲ್ಲ, ಹದಿನೆಂಟು ವರ್ಷದ್ದು. ನೆಲದ ಮೇಲಿಟ್ಟು ಹೊರಗೆ ಹೋಗಿ ನಿಂತು ನೋಡಿದೆ, ಆಗಲೂ ಮುಟ್ಟಲಿಲ್ಲ. ಮೂರು ದಿನ ಹೀಗೇ ಆಯಿತು. ಹೊಟ್ಟೆ ಖಾಲಿಯಾದ ಮರಿ ಮೂರು ದಿನ ತಿನ್ನದಿದ್ದರೆ ನಾಲ್ಕನೆಯ ದಿನ ಏಳುವುದಿಲ್ಲ. ಕಂಬಳಿಯಲ್ಲಿ ಸುತ್ತಿ ಹೋಲ್ ಮನೆಗೆ ಹೊತ್ತುಕೊಂಡು ಹೋದೆ. ಹೆರ್ದೀಸ್ ಬೆಚ್ಚಗಿನ ಹಾಲಲ್ಲಿ ರೊಟ್ಟಿ ಹಿಚುಕಿ ಕೊಟ್ಟಳು. ಟೀರಾ ನನ್ನತ್ತ ಬೆನ್ನು ಮಾಡಿ ಬಟ್ಟಲು ನೆಕ್ಕಿ ಮುಗಿಸಿದಳು.

"ಇಲ್ಲೇ ಇರ್ಲಿ," ಅಂದೆ.

"ನಾಲ್ಕು ದಿನ ಆದ್ಮೇಲೆ ಬಂದು ಕರ್ಕೊಂಡು ಹೋಗು."

"ಎರಡು ವಾರ ಬಿಟ್ಟು ಬಾಲದ ಕೆಳಗೆ ನೋಡು. ಅಕ್ಕಿಕಾಳು ಕಂಡ್ರೆ ಹೇಳಿಕಳ್ಸು. ಅಲ್ಲೀವರೆಗೂ ಲೋವಾನ ಹತ್ರ ಬಿಡಬೇಡ."

ಏನೂ ಕಾಣಲಿಲ್ಲವೆಂದು ಹೇಳಿಕಳಿಸಿದಳು. ಕರೆದುಕೊಂಡು ಹೋಗು ಎಂದೂ ಹೇಳಿಕಳಿಸಿದಳು, ಎರಡು ಸಲ. ನಾನು ಹೋಗಲಿಲ್ಲ. ಹಗ್ಗ ಕಟ್ಟಿ ಎಳೆದುತಂದ ನಾಯಿ ನನಗೆ ಬೇಕಿರಲಿಲ್ಲ. ಬರುವ ನವೆಂಬರಿನಲ್ಲಿ ಹೇಗೂ ಅವಳನ್ನು ಹಾಗೆ ಎಳೆದು ತರುತ್ತಾರೆ, ಇಪ್ಪತ್ತನಾಲ್ಕನೆಯವಳಾಗಿ.

ಏಪ್ರಿಲಿನಲ್ಲಿ ಹಿಮ ಕರಗಿ ದಾರಿ ಬಿಟ್ಟ ಮೇಲೆ ಹೋಲ್ ಮನೆಯ ಮುಂದೆ ಹಾದುಹೋಗಬೇಕಾಯಿತು. ಅಂಗಳದಲ್ಲಿ ಲೋವಾ ಕೂತಿದ್ದಳು, ಅವಳ ತೊಡೆಯ ಮೇಲೆ ತಲೆಯಿಟ್ಟು ಟೀರಾ ಮಲಗಿದ್ದಳು. ನಾಯಿ ಗುರುತು ಸಿಗದಷ್ಟು ಬೆಳೆದಿತ್ತು. ಕೂದಲು ಮಿರಿಮಿರಿ ಮಿಂಚುತ್ತಿತ್ತು, ಪಕ್ಕೆ ತುಂಬಿತ್ತು. ಗಾಳಿ ನನ್ನ ಕಡೆಯಿಂದ ಬೀಸಿತು. ಅವಳು ತಲೆಯೆತ್ತಿ ಒಮ್ಮೆ ನೋಡಿ, ಎದ್ದು, ಬೆಟ್ಟದ ಕಡೆಗೆ ಓಟ ಕಿತ್ತಳು.

ಹೆರ್ದೀಸ್ ಬಾಗಿಲಿಗೆ ಬಂದಳು. "ಅದಕ್ಕೆ ಬುದ್ಧಿಯಿಲ್ಲ, ಬೇಜಾರು ಮಾಡ್ಕೋಬೇಡ. ಬಾ, ಕಾಫಿ ಇದೆ."

ನಾನು ಬೆಟ್ಟವನ್ನೇ ನೋಡುತ್ತಿದ್ದೆ. ಟೀರಾ ಮೊದಲ ಕಲ್ಲುಗೋಡೆ ಹಾರಿದಳು, ಎರಡನೆಯದನ್ನೂ ಹಾರಿದಳು. ಉಳಿದ ಹಿಮದ ಮೇಲೂ ಕಾಲು ಜಾರಲಿಲ್ಲ, ಒಂದು ಕಡೆಯೂ ನಿಲ್ಲಲಿಲ್ಲ, ನೇರ ನೆತ್ತಿಯವರೆಗೆ ಒಂದೇ ಉಸಿರು.

"ನೋಡ್ದ್ಯಾ?" ಅಂದೆ. "ಹುಳ ಇರೋ ನಾಯಿ ಹಾಗೆ ಓಡಲ್ಲ."

ಹೆರ್ದೀಸ್ ಏನಂದೆ ಎಂದು ಕೇಳಿದಳು. ಬೆಟ್ಟದ ನೆತ್ತಿಯತ್ತ ಬೆರಳು ತೋರಿಸಿ, ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.