ಆಣೆ ಕೇಳದ ಕಟ್ಟೆ

ಕೌತಾಳಂನ ಗಾದಿಲಿಂಗಮ್ಮನಿಗೆ ಮಗ ಸುಂಕಣ್ಣನೆಂದರೆ ಪ್ರಾಣ. ಸುಂಕಣ್ಣ ಬಂಡಿ ಹೊಡೆಯುವವನು. ಊರಿನ ಹತ್ತಿಯನ್ನು ಆದೋನಿಯ ಜಿನ್ನಿಗೆ, ಅಂದರೆ ಹತ್ತಿ ಬಿಡಿಸುವ ಗಿರಣಿಗೆ, ಸಾಗಿಸುತ್ತಿದ್ದ. ಒಳ್ಳೆಯವನೇ. ಆದರೆ ದಾರಿಯಲ್ಲಿ ಹಳ್ಳದ ದಂಡೆಗೊಂದು ಗುಡಿಸಲಿತ್ತು. ಸರ್ಕಾರ ಸಾರಾಯಿ ಬಂದ್ ಮಾಡಿತ್ತು, ಗುಡಿಸಲಿನವನು ಮಾತ್ರ ಮಾಡಿರಲಿಲ್ಲ. ಕೊನೆಕೊನೆಗೆ ಸುಂಕಣ್ಣ ಹಗ್ಗ ಎಳೆಯುವುದೇ ಬೇಕಿರಲಿಲ್ಲ, ಎತ್ತುಗಳೇ ಅಲ್ಲಿ ನಿಂತುಬಿಡುತ್ತಿದ್ದವು.

ತಾಯಿಗೆ ಗೊತ್ತಿದ್ದ ಮದ್ದು ಒಂದೇ, ಆಣೆ. ಉರುಕುಂದದ ಈರಣ್ಣಸ್ವಾಮಿಯ ಮುಂದೆ ಕರ್ಪೂರ ಹಚ್ಚಿ, ಮಗನ ಕೈ ಹಿಡಿದು ಆಣೆ ಹಾಕಿಸಿದಳು. ಹುಣ್ಣಿಮೆ ಬರುವಷ್ಟರಲ್ಲಿ ಅದು ಮುರಿಯಿತು. ಮೊಹರಮ್ಮಿನ ಪೀರಲ ದೇವರ ಮುಂದೆ ಹಾಕಿಸಿದಳು, ಅದೂ ಮುರಿಯಿತು. ಮುರಿದಾಗಲೆಲ್ಲ ಮಗ ಮೊದಲಿಗಿಂತ ಹೆಚ್ಚು ಕುಡಿಯುತ್ತಿದ್ದ. ಯಾಕೆಂದು ಆಕೆಗೆ ತಿಳಿಯಲೇ ಇಲ್ಲ.

ಅಷ್ಟರಲ್ಲಿ, ಬಾಣಂತನಕ್ಕೆ ತವರೂರು ಚಿಪ್ಪಗಿರಿಗೆ ಹೋಗಿದ್ದ ಸೊಸೆ ರಾಮಲಕ್ಷ್ಮಿ ಹೆಣ್ಣುಮಗುವನ್ನು ಹೆತ್ತಳು. ಅವಳ ಅಣ್ಣ ಪಕೀರಪ್ಪ ಖಡಕ್ಕಾಗಿ ಹೇಳಿ ಕಳಿಸಿದ: "ಕುಡುಕನ ಬಂಡ್ಯಾಗ ನನ್ನ ತಂಗಿ, ಕೂಸು ಕುಂದ್ರಂಗಿಲ್ಲ."

ಗಾದಿಲಿಂಗಮ್ಮ ಮೊಮ್ಮಗಳ ಮುಖವನ್ನು ಇನ್ನೂ ನೋಡಿರಲಿಲ್ಲ. ಕೂಸಿನ ತಲೆಗೆಂದು ತಾನೇ ಹೊಲಿದಿಟ್ಟ ಕುಲಾವಿಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತ ಕುಳಿತಿದ್ದಾಗ ಪಕ್ಕದ ಮನೆಯ ದಸ್ತಗಿರಮ್ಮ ಬಂದಳು.

"ಅಳಬ್ಯಾಡಕ್ಕ. ಆದೋನ್ಯಾಗ ಕುಡಿಯೋದು ಬಿಟ್ಟೋರ ಕೂಟ ಐತಿ. ಬೇಸ್ತವಾರ ಸಂಜಿಗೆ ಜಿನ್ನಿನ ಹಿಂದಿನ ಬೇವಿನ ಕಟ್ಟಿಮ್ಯಾಗ ಸೇರ್ತಾರ. ನಮ್ಮ ಮನಿಯವ್ರು ಅಲ್ಲಿಗೆ ಹೋಗೇ ಕುಡಿಯೋದು ಬಿಟ್ರು."

"ಕುಡುಕರೆಲ್ಲ ಒಂದ್ಕಡೆ ಕುಂತ್ರ ಇನ್ನೇನ್ ಮಾಡ್ಯಾರವ್ವ? ಕುಡೀತಾರ!"

"ಕುಡಿಯಂಗಿಲ್ಲ, ಮಾತಾಡ್ತಾರ. ಆ ಸಂಕಟ ಉಂಡೋರಿಗೇ ತಿಳಿಯಾದು. ನಿನಗ, ನನಗ ತಿಳಿಯಂಗಿಲ್ಲ."

"ಹೆಸ್ರು ಬರಕೊಂಡು ಪೋಲೀಸರಿಗೆ ಕೊಟ್ರ?"

"ಯಾರೂ ಏನೂ ಬರಕೊಣಂಗಿಲ್ಲ. ಬಿಡಿಗಾಸೂ ಕೇಳಂಗಿಲ್ಲ. ಅಲ್ಲಿ ಆಡಿದ ಮಾತು ಅಲ್ಲೇ ಉಳೀತೈತಿ."

ಸುಂಕಣ್ಣ ಒಪ್ಪಲಿಲ್ಲ. "ಯಾವ ಮುಖ ಇಟಗೊಂಡು ಹೋಗ್ಲಿ?" ಎಂದ.

ದಸ್ತಗಿರಮ್ಮನ ಗಂಡ ಲಾಲಪ್ಪ ಬಂದು ಅವನ ಹೆಗಲ ಮೇಲೆ ಕೈ ಹಾಕಿ, "ನನ್ನ ಮುಖ ನೋಡಿಕೊಂಡು ಬಾರೋ. ಇದೇನು ಭಾಳ ಚಂದ ಇತ್ತೇನು?" ಎಂದಾಗ ಸುಂಕಣ್ಣನಿಗೂ ನಗು ಬಂತು.

ಬೇಸ್ತವಾರ ತಾಯಿ, ಮಗ, ಲಾಲಪ್ಪ ಮೂವರೂ ಬಂಡಿ ಹತ್ತಿದರು. ಗುಡಿಸಲು ಬರುತ್ತಲೇ ಎತ್ತುಗಳು ಗಕ್ಕನೆ ನಿಂತವು. ಗಾದಿಲಿಂಗಮ್ಮ ಕೆಳಗಿಳಿದು ಮೂಗುದಾರಕ್ಕೆ ಕೈ ಹಾಕಿ, "ನಿಮಗೂ ಚಟ ಹತ್ತೈತೇನ್ರಲೇ? ನಡೀರಿ!" ಎಂದು ಗದರಿ, ಗುಡಿಸಲು ಮರೆಯಾಗುವ ತನಕ ತಾನೇ ಮುಂದೆ ನಿಂತು ನಡೆಸಿದಳು.

ಬೇವಿನ ಕಟ್ಟೆಯ ಮೇಲೆ ನಾಲ್ಕಾರು ಜನ ಕುಳಿತಿದ್ದರು. ಅವರಲ್ಲಿ ಹಿರಿಯ, ಜಿನ್ನಿನ ಹಮಾಲಿ ಆದೆಪ್ಪ, ಸರಿದು ಜಾಗ ಬಿಟ್ಟ. ಗಾದಿಲಿಂಗಮ್ಮ ಸೆರಗಿನ ಗಂಟು ಬಿಚ್ಚಿ ತೆಂಗಿನಕಾಯಿ, ಕರ್ಪೂರ ತೆಗೆದಳು. ಕರ್ಪೂರ ಹಚ್ಚಿಯೂ ಬಿಟ್ಟಳು. "ಹಾಕಸ್ರಿ ಆಣಿ. ಈ ಸಲ ಗಟ್ಟಿಯಾಗಿ ಹಾಕಸ್ರಿ."

ಸುಂಕಣ್ಣ ಹಿಂದೆ ಸರಿದ. "ಬ್ಯಾಡವ್ವ! ಈರಣ್ಣಸ್ವಾಮಿ ಆಣಿ ಮುರಿದ ದಿನಾನೇ ನಾ ಕೆಟ್ಟೆ. ದೇವರೇ ಕೈ ಬಿಟ್ಟ ಮ್ಯಾಲ ಕುಡಿದ್ರೇನು, ಬಿಟ್ರೇನು ಅನಿಸ್ತು. ಆ ಅಂಜಿಕಿ ಮರೀಲಾಕ ಮತ್ತ ಕುಡಿದೆ."

ಗಾದಿಲಿಂಗಮ್ಮನಿಗೆ ಈಗ ತಿಳಿಯಿತು. ಮದ್ದೆಂದು ತಾನು ಕೊಟ್ಟದ್ದೇ ಮಗನ ಕೊರಳಿಗೆ ಕಲ್ಲಾಗಿತ್ತು. ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಎಲ್ಲರೆದುರು ಅತ್ತಳು.

ಆದೆಪ್ಪ ಮೆಲ್ಲಗೆ ಹೇಳಿದ: "ಇಲ್ಲಿ ಆಣಿ ಕೇಳಂಗಿಲ್ಲ ತಾಯಿ. ಸುಂಕಣ್ಣ, ಇವತ್ತೊಂದಿನ ಕುಡೀಬ್ಯಾಡ. ನಾಳಿಂದು ನಾಳಿಗೆ. ಮನಸ್ಸು ಜಗ್ಗಿದ್ರ ಲಾಲಪ್ಪನ ಮನಿಗೆ ಓಡು. ಜಾರಿ ಬಿದ್ರ ಮುಚ್ಚಿಡಬ್ಯಾಡ, ಇಲ್ಲಿ ಬಂದು ಹೇಳು; ನಾನೂ ಬಿದ್ದು ಎದ್ದವನೇ. ಬಿಟ್ಟಾಗ ಮೈ ಭಾಳ ನಡುಗಿದ್ರ, ಇಲ್ಲದ್ದು ಕಣ್ಣಿಗೆ ಕಂಡ್ರ, ತಡ ಮಾಡದಂಗ ದವಾಖಾನಿಗೆ ಹೋಗು. ನಾವೂ ಜತಿಗೆ ಬರ್ತೀವಿ."

ಕರ್ಪೂರ ಉರಿದು ತಾನೇ ಆರಿತು. ಆದೆಪ್ಪ ಕಾಯಿ ಒಡೆದು ಎಲ್ಲರಿಗೂ ಹಂಚಿದ.

ಅಂದಿನಿಂದ ಸುಂಕಣ್ಣ ಬೇಸ್ತವಾರ ತಪ್ಪಿಸಲಿಲ್ಲ. ಒಮ್ಮೆ ಮದುವೆ ಮನೆಯಲ್ಲಿ ಜಾರಿದ. ಗಾದಿಲಿಂಗಮ್ಮನ ಬಾಯಿಗೆ ಆಣೆಯ ಮಾತು ಬಂದೇ ಬಂತು, ನಾಲಿಗೆ ಕಚ್ಚಿಕೊಂಡು ರೊಟ್ಟಿ ಬಡಿಸಿ, "ಉಣ್ಣು. ಬೇಸ್ತವಾರ ಐತಲ್ಲ" ಎಂದಳು. ಅವನು ಕಟ್ಟೆಗೆ ಹೋಗಿ ನಡೆದದ್ದನ್ನು ಹೇಳಿದ. ಯಾರೂ ನಗಲಿಲ್ಲ.

ಜೋಳದ ಸುಗ್ಗಿ ಮುಗಿಯಿತು. ತಾಯಿ, ಮಗ ಚಿಪ್ಪಗಿರಿಗೆ ಹೋದರು. ಪಕೀರಪ್ಪ ಬಾಗಿಲಿಗೆ ಅಡ್ಡ ನಿಂತ.

"ಕೂಸಿನ ತಲಿಮ್ಯಾಗ ಕೈಯಿಟ್ಟು ಆಣಿ ಮಾಡ್ಲಿ. ಕಳಸ್ತೀನಿ."

ಸುಂಕಣ್ಣ ಒಂದು ಹೆಜ್ಜೆ ಹಿಂದಿಟ್ಟ. ಗಾದಿಲಿಂಗಮ್ಮ ಮುಂದೆ ಬಂದಳು.

"ಆಣಿ ಬ್ಯಾಡಪ್ಪ. ಹಾಕ್ಸಿ ಹಾಕ್ಸಿ ನಾ ಮಗನ್ನೇ ಕಳಕೊಂತಿದ್ದೆ. ನಾಳಿ ಬೇಸ್ತವಾರ. ನೀನೂ ಬಂಡಿ ಹತ್ತು, ಕಟ್ಟಿಮ್ಯಾಗ ಕುಂತು ನೋಡು. ಸರಿ ಕಾಣದಿದ್ರ ತಂಗೀನ ಹೊಳ್ಳಿ ಕರಕೊಂಡು ಬಾ."

ರಾಮಲಕ್ಷ್ಮಿ ಆಗಲೇ ಗಂಟು ಕಟ್ಟಿ ನಿಂತಿದ್ದಳು. ಪಕೀರಪ್ಪ ಗೊಣಗುತ್ತಲೇ ಬಂಡಿ ಹತ್ತಿದ.

ಮರುದಿನ ಸಂಜೆ ಆದೋನಿಯಲ್ಲಿ ಜಿನ್ನು ದಾಟುತ್ತಲೇ ಎತ್ತುಗಳು ತಾವಾಗಿ ತಿರುಗಿ, ಬೇವಿನ ಕಟ್ಟೆಯ ಮುಂದೆ ನಿಂತವು.

"ಇದೇನಿದು, ಯಾರೂ ನಿಲ್ಲಸಲಿಲ್ಲ?" ಎಂದ ಪಕೀರಪ್ಪ.

ಗಾದಿಲಿಂಗಮ್ಮ ಮೊಮ್ಮಗಳಿಗೆ ಕುಲಾವಿ ಕಟ್ಟುತ್ತಿದ್ದಳು. "ಅವಕ್ಕೀಗ ಇಲ್ಲೇ ನಿಂತು ರೂಢಿ ಆಗೈತಪ್ಪ" ಎಂದು ಕೂಸನ್ನು ಮಗನ ತೋಳಿಗೆ ಕೊಟ್ಟಳು. ಪಕೀರಪ್ಪ ಅದನ್ನು ನೋಡಿ ಕೆಳಗಿಳಿದು, ತಂಗಿಗೂ ಇಳಿಯಲು ಕೈ ಕೊಟ್ಟ.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ನಿಮ್ಮ ಮನೆಯಲ್ಲೂ ಕುಡಿತಕ್ಕೆ ಸಿಕ್ಕವರು ಇದ್ದಾರೆಯೇ? ಆಣೆ ಹಾಕಿಸಬೇಡಿ, ಬೈದು ಹೊರಗೆ ಹಾಕಲೂ ಬೇಡಿ. ಕುಡಿತ ಬಿಟ್ಟವರು ಹತ್ತಿರದಲ್ಲಿ ಯಾರಿದ್ದಾರೆ, ಎಲ್ಲಿ ಸೇರುತ್ತಾರೆ ಎಂದು ಇಂದೇ ವಿಚಾರಿಸಿ. ಮೊದಲ ದಿನ ಮಾತ್ರ ಒಬ್ಬರನ್ನೇ ಕಳಿಸಬೇಡಿ. ಬಂಡಿಯಲ್ಲಿ ನೀವೂ ಕುಳಿತುಕೊಳ್ಳಿ.