ಎದುರಿನ ಹುಲಿ

ಎಪ್ಪತ್ತಾರನೆಯ ಇಸವಿಯ ಮಾಗಿ. ಆ ಮುಂಜಾನೆ ದೇಗಾಂವದ ಮೇಲೆ ಮಂಜು ದಟ್ಟವಾಗಿ ಇಳಿದು, ಕಮಲನಾರಾಯಣನ ಗುಡಿಯ ಕಟ್ಟೆಯೆಲ್ಲ ತೊಳೆದಿಟ್ಟಂತೆ ತೊಯ್ದಿತ್ತು. ಗಂಡನನ್ನು ಕೂರಿಸಲೆಂದು ಕಲ್ಲು ಒರೆಸುತ್ತಿದ್ದ ದೇವಕ್ಕನ ಕೈ ತಡೆಯಿತು. ಕಲ್ಲಿನಲ್ಲಿ ಕೆತ್ತಿದ ಹುಲಿ-ಕುರಿ ಆಟದ ಮನೆಯಾಚೆ, ಒಬ್ಬ ಮನುಷ್ಯ ಚಕ್ಕಳಬಕ್ಕಳ ಹಾಕಿ ಕೂರುವಷ್ಟು ಜಾಗ ಒಣಗಿಯೇ ಇತ್ತು.

ಅಲ್ಲಿ ಕೂರುತ್ತಿದ್ದವನು ಮಲಕಾಜಪ್ಪ. ಮೀಸೆ ಮೂಡಿದಂದಿನಿಂದ ಅವಳ ಗಂಡ ಬಸಲಿಂಗಪ್ಪನ ಜೋಡಿ ಆಡಿದವನು. ಹುಲಿ ಅವನದು; ಅದನ್ನು ಸುತ್ತುಗಟ್ಟುವ ಕುರಿ ಇವನವು. ಕೊನೆಯ ಆಟದಲ್ಲಿ ಸೋಲು ಕಂಡಾಗ ಬಸಲಿಂಗಪ್ಪ ಅವನದೊಂದು ಹುಲಿಯನ್ನು, ಮಲಪ್ರಭೆಯ ಕರಿಗಲ್ಲನ್ನು, ಬಚ್ಚಿಟ್ಟು "ನಾಳಿ ಕೊಡತೇನಿ ತಗೊ" ಎಂದು ನಕ್ಕಿದ್ದ. ಆ ರಾತ್ರಿಯೇ ಮಲಕಾಜಪ್ಪ ಶಿವನ ಪಾದ ಸೇರಿದ. ಅಂದಿನಿಂದ ಆ ಹುಲಿಯ ಬದಲಿಗೆ ಒಂದು ಹಂಚಿನ ಚೂರು.

ದೀವಳಿಗೆಗೆ ಬಸಲಿಂಗಪ್ಪನಿಗೆ ಲಕ್ವಾ ಹೊಡೆಯಿತು. ಎಡಗೈ ಬಿತ್ತು, ನೆನಪು ಕದಡಿತು. "ನೀವ್ಯಾರ ಮನ್ಯಾಕಿ ಅದೀರಿ ಯವ್ವಾ?" ಎಂದು ಅವನು ಮರ್ಯಾದೆಯಿಂದ ಕೇಳಿದಾಗಲೆಲ್ಲ ದೇವಕ್ಕ ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು. ಅವನು ಒಮ್ಮೆ ಮೊದಲಿನಂತೆ ಬೈದರೆ ಸಾಕಿತ್ತು.

ಕಟ್ಟೆಗೆ ಕರೆತಂದರೆ ಮಾತ್ರ ಅವನ ಬಲಗೈ ಚುರುಕಾಗುತ್ತಿತ್ತು. ಅವನು ಕುರಿ ಇಡುವನು. ದೇವಕ್ಕ ಒಳಗೆ ಕೈಮುಗಿದು ಬರುವಷ್ಟರಲ್ಲಿ ಹುಲಿ ಸರಿದಿರುತ್ತಿತ್ತು. ತಾನೇ ಸರಿಸುತ್ತಾನೆಂದು ಅವಳು ನಂಬಿದ್ದಳು. ಆದರೆ ಆಚೆಯ ತುದಿಗೆ ಅವನ ಕೈ ಎಟುಕುತ್ತಿರಲಿಲ್ಲ. ಮೊದಮೊದಲು ಇವನು ಎಡವಿದರೆ ಹುಲಿಯೂ ಎಡವುತ್ತಿತ್ತು. ಇವನು ಚೇತರಿಸಿದಂತೆ ಅದರ ನಡೆಯೂ ಬಿಗಿಯಾಗುತ್ತ ಬಂತು. ಮೈಮರೆತ ದಿನ ಕುರಿ ಹೋಗುತ್ತಿತ್ತು. ಕೈಚೆಲ್ಲಿದ ದಿನ ಎಲ್ಲೋ ಒಂದು ಸಂದಿ ಉಳಿದಿರುತ್ತಿತ್ತು.

ಇಂದು ದೇವಕ್ಕ ಅವನನ್ನು ಈಚೆ ಕೂರಿಸಿ, ಹಣೆಯ ವಿಭೂತಿ ಮುಟ್ಟಿಕೊಂಡು, ಒಣ ಜಾಗ ಬಿಟ್ಟು ಅದರ ಮಗ್ಗುಲಿಗೆ ಕುಳಿತಳು.

"ಇವತ್ತ ಹುಲಿ ನಾ ಆಡತೇನ್ರಿ."

ಗೆಲ್ಲಲಿ ಪಾಪ ಎಂದು, ಬೇಕಂತಲೇ ಹುಲಿಯನ್ನು ಕುರಿಗಳ ನಡುವೆ ಸಿಗಿಸಿದಳು.

ಬಸಲಿಂಗಪ್ಪನ ಹುಬ್ಬು ಗಂಟಾಯಿತು. "ಸುಳ್ಳ ಸೋಲಬ್ಯಾಡ್ರಿ ಯವ್ವಾ. ನಾ ಏನ ಕೂಸೇನು? ಅಂವ ಹಂಗ ಮಾಡಂಗಿಲ್ಲ."

"ಯಾರ್ರೀ ಅಂವ?"

"ಮಲಕ್ಯಾ. ನನ್ನ ಕಾಲ ಎಟಕೂವಷ್ಟ ಎತ್ತರಕ್ಕ ಮೆಟ್ಟಲಾ ಇಡತಾನ, ಕಳ್ಳ ನನ್ನ ಮಗ. ಬೆರಳ ಹೆಚ್ಚಿಲ್ಲ, ಬೆರಳ ಕಡಿಮಿಲ್ಲ. ನೀವ ಏಳ್ರಿ, ಅಂವ ಕಾಯಾಕ ಹತ್ಯಾನ."

ದೇವಕ್ಕ ಎದ್ದು ಸರಿದು, ರೆಪ್ಪೆ ಬಡಿಯದೆ ನೋಡುತ್ತ ನಿಂತಳು. ಮಂಜು ಒಮ್ಮೆ ಆಟದ ಮೇಲೆ ಸುಳಿಯಿತು. ಕಲ್ಲಿಗೆ ಕಲ್ಲು ತಾಕಿದ ಸಪ್ಪಳ ಕೇಳಿತು. ಮಂಜು ಸರಿದಾಗ ಹುಲಿ ಬೇರೆ ಮನೆಯಲ್ಲಿತ್ತು.

ಬಸಲಿಂಗಪ್ಪ ಬಹಳ ಹೊತ್ತು ಯೋಚಿಸಿದ. ಆ ಚಳಿಯಲ್ಲೂ ಅವನ ಹಣೆ ಬೆವರಿತು. ಕೊನೆಗೆ ಒಂದು ಕುರಿ ಇಟ್ಟ. ಹುಲಿಗಳಿಗೆ ದಾರಿ ಉಳಿಯಲಿಲ್ಲ.

"ಏ ದೇವಿ, ಏನ ಬಾಯಿ ತಕ್ಕೊಂಡ ನಿಂತಿ? ನನ್ನ ಚಂಚಿ ಕೊಡ ಇತ್ತಾಗ!"

ಇಷ್ಟು ದಿನ ತನ್ನ ಟೊಂಕಕ್ಕೆ ಸಿಕ್ಕಿಸಿಕೊಂಡಿದ್ದ ಎಲೆಯಡಿಕೆಯ ಚಂಚಿಯನ್ನು ದೇವಕ್ಕ ಕೊಟ್ಟಳು. ಅವನು ಅದರ ತಳದಿಂದ ಕರಿಗಲ್ಲೊಂದನ್ನು ತೆಗೆದು, ಅಂಗಿಗೆ ಒರೆಸಿ, ಆಚೆಗೆ ಚಾಚಿದ.

ಕಲ್ಲು ಬಿದ್ದ ಸಪ್ಪಳವಾಗಲಿಲ್ಲ. ಅಂಗೈ ಮಾತ್ರ ಬರಿದಾಗಿ ಹಿಂದಕ್ಕೆ ಬಂತು.